ಏಳನೆಯ ಎದೆಪಟ್ಟಿ

ಪರದೇಶದ ಪಾಪಕುರಾ ಎಂಬ ಊರಿನಲ್ಲಿ ನಮ್ಮ ನೆರೆಮನೆಯವರಾಗಿದ್ದ ಧಾರವಾಡದ ಅಂಕಲ್ ಆರು ಹಸ್ಕಿ ನಾಯಿಗಳನ್ನು ಸಾಕಿದ್ದರು. ಹಿಮದ ಮೇಲೆ ನಾಯಿಗಳು ಬಂಡಿ ಎಳೆಯುವ ಪಂದ್ಯಕ್ಕೆಂದು, ಹಿಮವೇ ಬೀಳದ ಊರಿನಲ್ಲಿ ಅವನ್ನು ಗಾಲಿಬಂಡಿಗೆ ಕಟ್ಟಿ ಓಡಿಸುತ್ತಿದ್ದರು. ಬಂಡಿ ಎಳೆಯಲು ಅವುಗಳ ಎದೆಗೆ ಬಿಗಿಯುವ ಎದೆಪಟ್ಟಿಗಳನ್ನು ತಾವೇ ಹೊಲಿಯುತ್ತಿದ್ದರು. ಓಟ ಮುಗಿದೊಡನೆ ನೆಲದ ಮೇಲೆ ಕೂತು ಒಂದೊಂದರ ಪಾದವನ್ನೂ ಎತ್ತಿ ನೋಡುವರು. "ನಾಯಿ ಬಾಯಿಬಿಟ್ಟು ಹೇಳೂದಿಲ್ಲ ತಮ್ಮಾ" ಎನ್ನುವುದು ಅವರ ಮಾತು.

ಒಂದು ಬೆಳಿಗ್ಗೆ ಬೇಲಿಯಾಚೆ ನೋಡಿದೆ. ನಾಯಿಗಳು ಸಾಲಾಗಿ ಕೂತು ನೋಡುತ್ತಿದ್ದವು. ಅಂಕಲ್ ತಮ್ಮ ಅಳತೆಗೆ ಹೊಲಿದುಕೊಂಡ ಏಳನೆಯ ಎದೆಪಟ್ಟಿಯನ್ನು ಬರಿಮೈಗೆ ಬಿಗಿದು, ಅಂಬೆಗಾಲಿಕ್ಕಿ ಬಂಡಿ ಎಳೆಯುತ್ತಿದ್ದರು. ಕಂಕುಳ ಚರ್ಮ ಸುಲಿದು ರಕ್ತ ಒಸರುತ್ತಿತ್ತು.

"ಅಂಕಲ್, ಏನ್ ಮಾಡ್ತಿದೀರಾ? ಬಿಚ್ಚಿ ಅದನ್ನ" ಎಂದೆ.

ಅವರು ನನ್ನತ್ತ ತಿರುಗಲಿಲ್ಲ. ನಾಯಿಗಳನ್ನೇ ನೋಡುತ್ತಿದ್ದರು.

"ನನ್ನ ಹೊಲಿಗ್ಯಾಗ ತಪ್ಪೈತಿ ತಮ್ಮಾ. ಹೋದ ವರ್ಷ ಪೂರಾ ಅವು ಇಂಥಾದ್ರಾಗ ಓಡ್ಯಾವ."