ಎರಡು ಬೆರಳು ತಂತಿ

ಗೋಡೆಯ ಪ್ಲಗ್ಗಿನ ಹಿಂದೆ ತಂತಿ ಎಷ್ಟುದ್ದ ಉಳಿದಿದೆಯೆಂಬುದು, ಓದುಗ ಮಹಾಶಯರೇ, ಅದು ಸಾಲದೆ ಹೋದಾಗಲೇ ಮನುಷ್ಯಮಾತ್ರರಿಗೆ ತಿಳಿಯುವುದು. ಮಧುಗಿರಿಗೆ ವಿದ್ಯುದ್ದೀಪ ಬಂದ ಹೊಸತರಲ್ಲಿ ನಮ್ಮ ಮನೆಯ ಪ್ಲಗ್ಗು ಸಡಿಲವಾಗಿ ಅಲ್ಲಾಡತೊಡಗಿತು. ಶಾಲೆಯಲ್ಲಿ ಮಕ್ಕಳಿಗೆ ವಿದ್ಯುಚ್ಛಕ್ತಿಯ ಪಾಠವನ್ನು ಅರಳು ಹುರಿದಂತೆ ಹೇಳುತ್ತಿದ್ದರೂ ಜನ್ಮದಲ್ಲಿ ತಂತಿ ಮುಟ್ಟಿರದ ನಾನು, ಫ್ಯೂಸು ಕಿತ್ತಿಟ್ಟು, ಪ್ಲಗ್ಗನ್ನು ತುಸು ಜೋರಾಗಿಯೇ ಎಳೆದೆ. ತಂತಿಗಳೆರಡೂ ತುಂಡಾಗಿ, ಗೋಡೆಯ ಬಾಯಲ್ಲಿ ಎರಡೆರಡು ಬೆರಳಷ್ಟೇ ಉಳಿದವು.

ಅದೂ ಯಾವ ದಿನ! ಮಧ್ಯಾಹ್ನದ ಮೋಟಾರಿಗೆ ಸಿರಾ ಕಡೆಯಿಂದ ಮಾವನವರು ಬರುವವರಿದ್ದರು. ಮಗ್ಗದ ಮುಂದೆಯೇ ಮುಪ್ಪಾದ ಆ ಹಿರಿಯರಿಗೆ, ಕೈಕೆಲಸ ಬಾರದ ಮೇಷ್ಟರಿಗೆ ಮಗಳನ್ನು ಕೊಟ್ಟೆನೆಂಬ ಕೊರಗು ಇನ್ನೂ ಹೋಗಿರಲಿಲ್ಲ. ಮೇಜಿನ ದೀಪ ಹೊತ್ತಿಸಿ ತೋರಿಸಿ, ಅವರಿಂದ ಒಮ್ಮೆಯಾದರೂ 'ಭಲೆ' ಅನ್ನಿಸಿಕೊಳ್ಳಬೇಕೆಂಬುದು ನನ್ನ ಹಟ.

ಹೊಸ ತುಂಡುಗಳನ್ನು ತಂದು ಗಂಟು ಹಾಕಿದೆ. ಗಂಟುಗಳೆರಡೂ ಅಕ್ಕಪಕ್ಕ ಕೂತು, ಟೇಪು ಸುತ್ತಿದ ಮೇಲಂತೂ ಬದನೆಕಾಯಿಯಷ್ಟು ದಪ್ಪವಾಗಿ, ಗೋಡೆಯ ಮರದ ಪೆಟ್ಟಿಗೆಯೊಳಕ್ಕೆ ಹೋಗಲೊಲ್ಲವು. ತುರುಕಿದರೆ ಒಂದು ಕಳಚಿಯೇ ಬಂತು. ನೋಡುತ್ತ ನಿಂತಿದ್ದ ಮಡದಿ ನೀಲಮ್ಮನಿಗೆ ನಗು ತಡೆಯಲಾಗಲಿಲ್ಲ.

"ಎರಡೂ ಒಂದೇ ತಾವ ಗಂಟಾಕಿದ್ರೆ ಹೆಂಗ್ರೀ ಒಳಕ್ಕೆ ಹೋಗ್ತವೆ? ಮಗ್ಗದಾಗೆ ಹಾಸಿನ ಎಳೆ ಕಿತ್ತೋದ್ರೆ ಯಾರಾನ ಇಂಗೆ ಕಟ್ತಾರಾ? ಕೊಡಿ ಇಲ್ಲಿ."

ತವರಿನಲ್ಲಿ ಅವಳನ್ನು ಮಗ್ಗಕ್ಕೆ ಕೂರಿಸಿರಲಿಲ್ಲ. ಕಿತ್ತ ಎಳೆ ಕೂಡಿಸುವುದಷ್ಟೇ ಹೆಣ್ಣುಮಕ್ಕಳ ಪಾಲು. ನನ್ನ ಪಾಂಡಿತ್ಯವನ್ನೆಲ್ಲ ಬಿಚ್ಚಿ ಬಿಸಾಡಿ, ತಾಮ್ರವನ್ನು ಹೆರೆದು ಹೊಳಪಿಸಿ, ಗೋಡೆಯಲ್ಲುಳಿದ ಮೋಟುಗಳಲ್ಲೊಂದನ್ನು ಇನ್ನೂ ಗಿಡ್ಡಮಾಡಿ, ಕೂಡಿಕೆಗಳು ಎದುರುಬದುರಾಗದಂತೆ ಹೊಸೆದಳು. ಎಳೆದು ನೋಡಿದೆ, ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಒಂದೊಂದಕ್ಕೂ ಬೇರೆಬೇರೆಯಾಗಿ ಟೇಪು ಸುತ್ತಿದಳು.

ಪ್ಲಗ್ಗು ಕೂರಿಸುವ ಮುನ್ನವೇ ಮಾವನವರು ಒಳಬಂದರು. ಫ್ಯೂಸು ಕಿತ್ತಿಟ್ಟಿದ್ದೇನೆಂದು ನಾನು ಹೇಳಿದ ಮೇಲೆ ಕೂಡಿಕೆಯನ್ನು ಬೆರಳಲ್ಲಿ ಸವರಿದರು.

"ಭಲೆ ಅಳಿಯಂದ್ರೇ! ನಮ್ಮೋರ ಕೈ ಇದ್ದಂಗೈತೆ!"

ವರ್ಷಗಟ್ಟಲೆ ಕಾದಿದ್ದ ಮಾತು! ನುಂಗಿಬಿಡೋಣವೆನ್ನಿಸಿತು, ಸುಳ್ಳೇಕೆ ಹೇಳಲಿ. ಸುಮ್ಮನಿರಿ ಎಂದು ನೀಲಮ್ಮನೂ ಕಣ್ಸನ್ನೆ ಮಾಡಿದಳು. ಆದರೆ ಅವಳ ಮೇಲೆ ನನಗುಕ್ಕಿದ್ದ ಹೆಮ್ಮೆ ಬಾಯಿ ಮುಚ್ಚಿಕೊಂಡಿರಬೇಕಲ್ಲ!

"ನಿಮ್ಮೋರದೇ ಕೈ, ಮಾವನೋರೇ. ನಿಮ್ಮ ಮಗಳದು" ಎಂದೆ.

ನಾನು ಪ್ಲಗ್ಗು ಬಿಗಿದು, ಫ್ಯೂಸು ಹಾಕಿದೆ. ನೀಲಮ್ಮ ಗುಂಡಿ ಒತ್ತಿದಳು. ಮೇಜಿನ ದೀಪ ಹೊತ್ತಿತು. ಮಾವನವರು ದೀಪವನ್ನು ನೋಡಲೇ ಇಲ್ಲ. ಮಗಳ ಕೈ ಹಿಡಿದು, ತಾಮ್ರ ಚುಚ್ಚಿ ಕೆಂಪಾಗಿದ್ದ ಬೆರಳುಗಳನ್ನು ಆ ಬೆಳಕಿಗೆ ತಿರುಗಿಸಿದರು.

"ನಿನ್ನ ಒಂದಿನಾನೂ ಮಗ್ಗಕ್ಕೆ ಕೂರಿಸ್ಲಿಲ್ವಲ್ಲ ಕಣವ್ವ ನಾನು" ಎಂದರು.