ಕರಿಯನಿಗೆ ಶನಿವಾರದ ರೊಟ್ಟಿ

ಸುರಪುರದ ನಮ್ಮ ಓಣಿಯಲ್ಲಿ ರೇಣಮ್ಮನ ರೊಟ್ಟಿ ತಿನ್ನದವರಿಲ್ಲ. ಗಂಡ ಸತ್ತ ಮೇಲೆ ಜೋಳದ ರೊಟ್ಟಿ ಬಡಿದು ಮಾರಿಯೇ ಮಗಳು ರೇವತಿಯನ್ನು ಬೆಳೆಸಿ, ವಡಗೇರಾಕ್ಕೆ ಮದುವೆ ಮಾಡಿಕೊಟ್ಟವಳು. ಮಗಳು ಹೋದ ಮೇಲೆ ಮನೆ ತುಂಬಿದ್ದು ಮೂರು ನಾಯಿಗಳು: ಕೆಂಪಿ, ಬಿಳಿಯ, ಕರಿಯ. ಮೊದಲಿನ ಎರಡೂ ಕಡ್ಡಿಯಂತಿದ್ದವು. ಕರಿಯ ಮಾತ್ರ ಜೋಳದ ಚೀಲದಂತೆ ಊದಿಕೊಂಡು, ನಾಲ್ಕು ಹೆಜ್ಜೆ ಇಟ್ಟರೆ ನಾಲಿಗೆ ಚಾಚಿ ಕೂತುಬಿಡುತ್ತಿದ್ದ.

ಅದು ಅವನ ತಪ್ಪಲ್ಲ. ಶನಿಕಾಟ ಇದ್ದವರು ಶನಿವಾರ ಕರಿ ನಾಯಿಗೆ ಎಣ್ಣೆ ಸವರಿದ ರೊಟ್ಟಿ ಹಾಕಬೇಕೆಂಬುದು ನಮ್ಮ ಓಣಿಯವರ ನಂಬಿಕೆ. ಮೈಮೇಲೆ ಒಂದು ಬಿಳಿ ಕೂದಲೂ ಇಲ್ಲದ ನಾಯಿ ಇಡೀ ಓಣಿಗೆ ಇವನೊಬ್ಬನೇ. ಇನ್ನು ಶನಿ ಕಾಡದ ಮನೆ ನಮ್ಮಲ್ಲಿ ಯಾವುದಿದೆ? ನೌಕರಿ ಸಿಗದವನು, ಹೆಣ್ಣು ಸಿಗದವನು, ಬೋರಿನಲ್ಲಿ ನೀರು ಸಿಗದವನು, ಎಲ್ಲರೂ ರೇಣಮ್ಮನ ಹತ್ತಿರವೇ ರೊಟ್ಟಿ ಕೊಂಡು ರೇಣಮ್ಮನ ನಾಯಿಗೇ ಹಾಕಿ ಕೈಮುಗಿದು ಹೋಗುತ್ತಿದ್ದರು.

ದೀಪಾವಳಿ ಮುಗಿದ ಹೊಸದರಲ್ಲಿ ಕರಿಯ ಅಂಗಳದಲ್ಲೇ ಕುಸಿದು ಬಿದ್ದ. ದನದ ದವಾಖಾನೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ ಮುಖ ಸಣ್ಣದು ಮಾಡಿದರು.

"ಎದಿ ಮ್ಯಾಲ ಭಾರ ಬಿದ್ದದರಿ ರೇಣಮ್ಮ. ಮೈ ಇಳಿಸಲಿಲ್ಲಂದ್ರ ಬರೋ ಬ್ಯಾಸಿಗಿ ದಾಟೂದಿಲ್ಲ."

ಅಂದಿನಿಂದ ರೇಣಮ್ಮ ಹಟ ಹಿಡಿದಳು. ಮೊದಲು ಮೂರಕ್ಕೂ ಒಂದೇ ಪರಾತದಲ್ಲಿ ಕಲಸಿ ಇಡುತ್ತಿದ್ದಳು. ಕರಿಯ ಉಳಿದೆರಡನ್ನು ನೂಕಿ ಬಳಿದುಹಾಕುತ್ತಿದ್ದ. ಈಗ ಮೂರು ಬೇರೆ ತಟ್ಟೆ ಬಂದವು. ಕರಿಯನನ್ನು ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿ, ಅರ್ಧ ರೊಟ್ಟಿ, ಬೇಯಿಸಿದ ಕುಂಬಳಕಾಯಿ ಅವನ ಮುಂದಿಟ್ಟು, ಮಿಕ್ಕ ಎರಡೂ ತಿಂದು ಮುಗಿಸುವ ತನಕ ನಡುವೆ ಕಾವಲು ಕೂರುತ್ತಿದ್ದಳು. ಮೊಣಕಾಲು ನೋವಿನ ಹೆಂಗಸು ಬೆಳಗಾದರೆ ನಾಯಿಯನ್ನು ಕೆರೆಯ ತನಕ ನಡೆಸಿಕೊಂಡು ಹೋಗುವಳು. ಯಾರು ಯಾರನ್ನು ಎಳೆಯುತ್ತಿದ್ದರೋ ದೇವರಿಗೇ ಗೊತ್ತು. ಶನಿವಾರ ಅವನನ್ನು ಒಳಗೆ ಹಾಕಿ ಕದ ಹಾಕುತ್ತಿದ್ದಳು.

"ಮಂದಿಗಿ ಶನಿ ಕಾಡಾಕತ್ತಾನ, ಈಕಿಗಿ ನಾಯಿ ಚಿಂತಿ!" ಎಂದು ಎದುರು ಮನೆಯ ಶಾಂತಾದೇವಿ ಓಣಿಗೆಲ್ಲ ಕೇಳುವಂತೆ ಬೈದಳು. ರೇಣಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕರಿಯನ ಪಕ್ಕೆಲುಬು ಕೈಗೆ ಹತ್ತುತ್ತಿದ್ದವು. ಒಂದು ದಿನ ಕೆಂಪಿಯ ಹಿಂದೆ ಓಡಿದ ಕೂಡ. ರೇಣಮ್ಮ ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಅದಾದ ಕೆಲವೇ ದಿನಕ್ಕೆ ರೇವತಿಯನ್ನು ಹೆರಿಗೆಗೆಂದು ಯಾದಗಿರಿಯ ಆಸ್ಪತ್ರೆಗೆ ಸೇರಿಸಿದರು. ಶನಿವಾರ ಬೆಳಿಗ್ಗೆ ರೇಣಮ್ಮ ಬಸ್ಸಿಗೆ ಹೊರಡುವಷ್ಟರಲ್ಲಿ ಅಳಿಯ ತಿರುಪತಿ ಆಸ್ಪತ್ರೆಯಿಂದ ಫೋನು ಮಾಡಿದ.

"ಅತ್ತಿ, ಕೂಸಿನ ಎದಿ ಬಡಿತ ಕಮ್ಮಿ ಆಗ್ಯಾದಂತ. ಆಪರೇಷನ್ನಿಗಿ ಒಯ್ದಾರ. ತಾಯಿ ಕೂಸು ಇಬ್ರದೂ ಏನೂ ಹೇಳಾಕ ಬರೂದಿಲ್ಲ ಅಂತಾರ."

ರೇಣಮ್ಮ ಕೈಚೀಲ ಕೆಳಗಿಟ್ಟಳು. ಬುಟ್ಟಿಯಲ್ಲಿದ್ದ ರೊಟ್ಟಿಗೆ ಎಣ್ಣೆ ಸುರಿದಳು, ಸವರಲಿಲ್ಲ, ಸುರಿದಳು. ಕದ ತೆಗೆದು ಕರಿಯನ ಮುಂದಿಟ್ಟು ಅವನ ಕಾಲಿಗೇ ಹಣೆ ಹಚ್ಚಿದಳು. ತಿಂಗಳುಗಟ್ಟಲೆ ಎಣ್ಣೆಯ ವಾಸನೆ ಕಾಣದ ಪ್ರಾಣಿ ಬಾಲ ಆಡಿಸಿ ತಿಂದಿತು. ಬಾಗಿಲಲ್ಲಿ ನಿಂತಿದ್ದ ಶಾಂತಾದೇವಿ ಎಲ್ಲವನ್ನೂ ನೋಡಿದಳು.

ಮಧ್ಯಾಹ್ನ ಗಂಡು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು. ಉಳಿಸಿದ್ದು ಡಾಕ್ಟರೋ ನಾಯಿಯೋ ಎಂದು ನಮ್ಮ ಓಣಿಯಲ್ಲಿ ಯಾರೂ ಕೇಳಲಿಲ್ಲ.

ಮುಂದಿನ ಶನಿವಾರ ಮನೆಯ ಮುಂದೆ ಜಾತ್ರೆಯಷ್ಟು ಜನ. ದೂರದ ರಾಮಸಮುದ್ರದಿಂದಲೂ ಬಂದಿದ್ದರು. ರೇಣಮ್ಮ ಬಾಗಿಲಿಗೆ ಅಡ್ಡ ನಿಂತಳು. ಶಾಂತಾದೇವಿ ಮುಂದೆ ಬಂದಳು. ಅವಳ ಮಗನಿಗೆ ಎರಡೂ ಕಿಡ್ನಿ ಕೆಟ್ಟಿದ್ದವು.

"ನಿನ್ನ ಮಗಳಿಗಿ ಒಂದು ನ್ಯಾಯ, ನನ್ನ ಮಗನಿಗಿ ಒಂದು ನ್ಯಾಯ ಏನಬೇ ರೇಣವ್ವ?"

ರೇಣಮ್ಮ ಬಾಗಿಲು ಬಿಟ್ಟು ಬದಿಗೆ ಸರಿದಳು.

ಆಮೇಲೆ ಬೇವಿನ ಗಿಡಕ್ಕೆ ಕಟ್ಟುವುದೂ ಇಲ್ಲ, ಕೆರೆಗೆ ನಡೆಯುವುದೂ ಇಲ್ಲ. ವಾರದ ಪಥ್ಯವನ್ನೆಲ್ಲ ಒಂದು ಶನಿವಾರವೇ ನುಂಗಿ ಹಾಕುವಾಗ ಅವೆಲ್ಲ ಯಾತಕ್ಕೆ? ಕರಿಯ ಮಲಗಿದಲ್ಲೇ ಬಾಯಿ ತೆರೆಯುತ್ತಿದ್ದ, ಯಾರ ರೊಟ್ಟಿಯನ್ನೂ ಬೇಡ ಅನ್ನಲಿಲ್ಲ. ಯುಗಾದಿ ಕಳೆದು ಬಿಸಿಲು ಏರಿದಾಗ ಒಂದು ಮುಂಜಾನೆ ನೀರಿನ ಕೊಡದ ಪಕ್ಕದಲ್ಲಿ ಸತ್ತು ಬಿದ್ದಿದ್ದ. ಡಾಕ್ಟರು ಹೇಳಿದ ಬೇಸಿಗೆ ಅರ್ಧವೂ ಆಗಿರಲಿಲ್ಲ.

ಹಿತ್ತಲಲ್ಲಿ ಹೂಳುವಾಗ ಶಾಂತಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಳಬ್ಯಾಡವ್ವ. ಪುಣ್ಯದ ನಾಯಿ. ಓಣಿ ಶನಿ ಎಲ್ಲಾ ಹೊತಗೊಂಡು ಹೋತು."

"ಶನಿ ಅಲ್ಲ ಶಾಂತವ್ವ, ನಮ್ಮ ಎಣ್ಣಿ ಹೊತಗೊಂಡು ಹೋತು," ಎಂದಳು ರೇಣಮ್ಮ. ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. "ನಾಳಿ ಮೊಮ್ಮಗನಿಗಿ ಜ್ವರ ಬಂದ್ರ ನಾನ ಮೊದಲ ಎದ್ದು ಕರಿ ನಾಯಿ ಹುಡುಕ್ತೀನಿ. ಅದಕ್ಕ ಅಳಾಕತ್ತೇನಿ."