ಪುಡಿ ಡಬ್ಬಿಗೆ ನಮ್ಮವರ ಸಾಕ್ಷಿ

ಆ ಪುಡಿ ಡಬ್ಬಿಯ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ತೊಂಬತ್ತರ ದಶಕದಲ್ಲಿ ನಾವು ಒಮಾನಿನ ಸೀಬ್‌ನಲ್ಲಿದ್ದೆವು. ನನ್ನ ಗಂಡನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಿದ್ದದ್ದು ಡಾಕ್ಟರಿಗೆ, ನಮಗಿಬ್ಬರಿಗೆ, ಮತ್ತೆ ದೇವರಿಗೆ. ಇವರದು ಕಟ್ಟಡಗಳ ನಕ್ಷೆ ಬಿಡಿಸುವ ಕೆಲಸ. ಕೈ ನಡುಗುತ್ತದೆಂದು ಅರಬ್ ಧಣಿ ಕಫೀಲನಿಗೆ ತಿಳಿದರೆ ಕೆಲಸ ಹೋಗುತ್ತಿತ್ತು, ಅದರ ಹಿಂದೆಯೇ ವೀಸಾ. ಹಾಗಾಗಿ ನಡುಕ ಕಂಡು ಕೇಳಿದವರಿಗೆಲ್ಲ ‘ಸ್ವಲ್ಪ ವೀಕ್ನೆಸ್’ ಎನ್ನುತ್ತಿದ್ದೆವು.

ಈ ವೀಕ್ನೆಸ್ಸಿನ ಸುದ್ದಿ ಕೇಳಿಯೇ ಉಡುಪಿ ಕಡೆಯ ಒಬ್ಬರು ಹುಡುಕಿಕೊಂಡು ಬಂದದ್ದು. ಆಫೀಸು ಮುಗಿಸಿ ಮನೆಮನೆಗೆ ಪ್ರೋಟೀನ್ ಪುಡಿ, ವಿಟಮಿನ್ ಗುಳಿಗೆ ಮಾರುವವರು. ಡಾಕ್ಟರನ್ನು ಕೇಳಿದೆ. “ಬೇಕಿದ್ದರೆ ಪುಡಿ ಕುಡಿಯಲಿ, ಮಾತ್ರೆಯ ಜತೆಗೆ ಬೇಡ. ಮಾತ್ರೆ ಮಾತ್ರ ತಪ್ಪಿಸಬೇಡಿ” ಎಂದರು. ಒಂದು ಡಬ್ಬಿ ಕೊಂಡೆವು. ಮಾತ್ರೆಯಿಂದ ಕೈ ಹಿಡಿತಕ್ಕೆ ಬಂತು. ಹೆಸರು ಬಂದದ್ದು ಪುಡಿಗೆ! ರೋಗ ಮುಚ್ಚಿಡಲು ಅದೂ ಒಂದು ನೆಪವಾಯಿತೆಂದು ಇವರು ಸುಮ್ಮನಿದ್ದರು.

ಆಮೇಲೆ ಆ ಮಹಾನುಭಾವರು ಶುಕ್ರವಾರದ ರಜೆ ಬಂತೆಂದರೆ ಗಿರಾಕಿಗಳನ್ನು ಕರೆತಂದು, ಬಟ್ಟೆ ಅಂಗಡಿಯ ಗೊಂಬೆಯ ಹಾಗೆ ನನ್ನ ಗಂಡನನ್ನು ತೋರಿಸತೊಡಗಿದರು. ಅವರ ವ್ಯಾಪಾರಕ್ಕೆ ಚಹಾ ನಾನು ಮಾಡಬೇಕು, ಅಂಬಡೆಯೂ ನಾನೇ ಕರಿಯಬೇಕು!

ಹಾಗೆ ಒಂದು ಸಲ ದೂರದ ಬುರೈಮಿ ಪೇಟೆಯಿಂದ ಒಬ್ಬ ಯುವಕ ಬಂದ. ಊರಲ್ಲಿರುವ ಅವನ ಅಮ್ಮನಿಗೆ ಪಾರ್ಕಿನ್ಸನ್. ಮಾತು ಉದ್ದವಾಗಿ ಇವರ ಮಾತ್ರೆಯ ಹೊತ್ತು ಮೀರಿತು. ಬಂದವರ ಎದುರು ನುಂಗುವಂತಿಲ್ಲ. ಬಲಗೈಯನ್ನು ತೊಡೆಯಡಿಗೆ ತುರುಕಿ ಕೂತರು.

“ಅಣ್ಣನನ್ನು ನೋಡಿ ಮಾರಾಯ್ರೆ, ಒಂಚೂರು ನಡುಕ ಉಂಟಾ?” ಎಂದರು ಪುಡಿಯವರು.

“ಹಾಗಾದ್ರೆ ಅಮ್ಮನ ಮಾತ್ರೆ ನಿಲ್ಲಿಸ್ಬಹುದಾ?” ಯುವಕ ಕೇಳಿದ.

“ಇವತ್ತೇ ಖಲಾಸ್ ಮಾಡಿ. ಮಾತ್ರೆ ಎಲ್ಲ ವಿಷ.”

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಷ್ಟರಲ್ಲಿ ಇವರು ಕೈ ಹೊರಗೆ ತೆಗೆದು ಟೀಪಾಯಿಯ ಮೇಲಿಟ್ಟರು. ಕಪ್ಪು ಬಸಿಗಳೆಲ್ಲ ಗಲಗಲ ಅಂದವು.

“ನನಗೂ ನಿನ್ನ ಅಮ್ಮನ ಕಾಯಿಲೆಯೇ. ನಡುಕ ಹಿಡಿದು ನಿಲ್ಲಿಸಿದ್ದು ಮಾತ್ರೆ, ಈ ಪುಡಿ ಅಲ್ಲ. ಮಾತ್ರೆ ನಿಲ್ಲಿಸ್ಬೇಡ ಮಗಾ.”

ಪುಡಿಯವರು ಎದ್ದರು. “ಎಂಥ ಅಣ್ಣ, ಮನೆಗೆ ಕರೆದು ನನ್ನ ಮರ್ಯಾದೆ ತೆಗೆದ್ರಲ್ಲಾ!” ಕರೆದದ್ದು ಯಾರು, ನಾವಾ?

ವಾರದೊಳಗೆ ಸುದ್ದಿ ಕಫೀಲನಿಗೆ ಮುಟ್ಟಿತು. ಯಾರು ಮುಟ್ಟಿಸಿದರೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದಾಗ ಬುರೈಮಿಯಿಂದ ಫೋನು ಬಂತು. ಅಮ್ಮ ಮಾತ್ರೆ ಬಿಟ್ಟಿಲ್ಲ ಅಂಕಲ್, ಎಂದನಂತೆ ಆ ಯುವಕ. ಇವರು ಫೋನಿಟ್ಟು ನಕ್ಕರು. ನನಗೆ ನಗಲಾಗಲಿಲ್ಲ, ಈಗಲೂ ಆಗುವುದಿಲ್ಲ.